ಕಾಲುವೆಯ ಆಚೆ ನಿಂತ ತಾತ

ನನ್ನ ತಾತನಿಗೆ ನೆದರ್ಲೆಂಡ್ಸಿನಲ್ಲಿ ಗುಂಡೇಟು ಬೀಳುವುದು ಸ್ವಲ್ಪದರಲ್ಲೇ ತಪ್ಪಿತು. ಆಗ ತಾತ ಮೈಸೂರಿನಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ. ನಂಬುವ ಹಾಗೆ ಹೇಳಿದರೆ ಮಜಾ ಇರುವುದಿಲ್ಲ, ಆದ್ದರಿಂದ ನಾನು ನನ್ನ ರೀತಿಯಲ್ಲೇ ಹೇಳುತ್ತೇನೆ.

ನನಗಾಗ ಹದಿನೈದು. ಎರಡು ಸಾವಿರದ ಇಸವಿ ಹತ್ತಿರ ಬರುತ್ತಿತ್ತು. ಎರಡು ಸೊನ್ನೆ ನೋಡಿದರೆ ಗಾಬರಿಯಾಗುವ ಕಂಪ್ಯೂಟರುಗಳಿಗೆ ಧೈರ್ಯ ಹೇಳುವ ಕೆಲಸಕ್ಕೆ ಅಪ್ಪನನ್ನು ಬೆಂಗಳೂರಿನಿಂದ ಕರೆಸಿಕೊಂಡಿದ್ದರು. ಆಲ್ಮೆರೆ ಎಂಬ ಊರಿನ ಕಟ್ಟಕಡೆಯ ಬೀದಿಯೂ ಮುಗಿದು, ಸೈಕಲ್ ದಾರಿ ಬೇಜಾರಾಗಿ ವಾಪಸ್ ತಿರುಗುವ ಜಾಗದಲ್ಲಿ ನಮ್ಮ ಬಾಡಿಗೆ ಮನೆ. ಹಿತ್ತಲ ಕೊನೆಗೆ ಒಂದು ಕಾಲುವೆ, ಅದರ ಮೇಲೆ ಒಂದು ಹಲಗೆ. ಆಚೆ ಕಡೆ ಬೀಟ್‌ರೂಟಿನ ದಾಯಾದಿಯಂಥ ಸಕ್ಕರೆ ಗೆಡ್ಡೆಯ ಹೊಲ, ಆಕಾಶ ಸಿಗುವವರೆಗೂ.

ಆ ಹೊಲದ ಯಜಮಾನರು ರೈತರು, ಜೊತೆಗೆ ಬೇಟೆಗಾರರು. ಅವರ ಎತ್ತರ ಎಷ್ಟೆಂದರೆ, ನಮ್ಮ ಬಾಗಿಲಲ್ಲಿ ನಿಂತರೆ ನನಗೆ ಮುಖದ ಬದಲು ಮೂಗಿನ ಹೊಳ್ಳೆ ಕಾಣಿಸುತ್ತಿತ್ತು. ನಾವು ಬಂದ ಮೊದಲ ವಾರವೇ ಬೆಲ್ ಮಾಡಿ ಕಾನೂನು ತಿಳಿಸಿದ್ದರು. ಕಾಲುವೆಯ ನಡುಮಧ್ಯವೇ ಗೆರೆ. ಗೆರೆಯ ಆಚೆ ಇರುವ ಪ್ರಾಣಿ ಪಕ್ಷಿ ಅವರ ಬೇಟೆಗೆ ಸೇರಿದ್ದು. ಈಚೆ ಬಂದದ್ದನ್ನು ಅವರು ಮುಟ್ಟುವ ಹಾಗಿಲ್ಲ, ನಮ್ಮ ಮನೆಯ ಕಡೆಗೆ ಬಂದೂಕು ತಿರುಗಿಸುವ ಹಾಗೂ ಇಲ್ಲ. ಆಚೆ ಹೊಡೆದ ಹಕ್ಕಿ ಈಚೆ ಬಿದ್ದರೆ ನಮ್ಮನ್ನು ಕೇಳಿಯೇ ಎತ್ತಿಕೊಳ್ಳುತ್ತಾರೆ.

ಅಪ್ಪ ಎಲ್ಲಕ್ಕೂ "ನೋ ಪ್ರಾಬ್ಲಮ್, ನೋ ಪ್ರಾಬ್ಲಮ್" ಅಂದರು. "ನಿಮ್ಮ ಮನೆಗೆ ಬೆಂಕಿ ಬಿದ್ದಿದೆ" ಅಂದಿದ್ದರೂ ಅದನ್ನೇ ಅನ್ನುತ್ತಿದ್ದರು. ಅಪ್ಪನಿಗೆ ಬರುತ್ತಿದ್ದ ಡಚ್ ಎಂದರೆ ರೈಲು ತಡ ಎಂದು ಸ್ಟೇಷನ್ನಿನಲ್ಲಿ ಕೂಗುವ ವಾಕ್ಯ ಒಂದೇ. ಮನೆಯ ವಿದೇಶಾಂಗ ಸಚಿವೆ ನಾನು.

ಆ ಶರತ್ಕಾಲದಲ್ಲಿ ಅಮ್ಮ ಚಿಕ್ಕಮ್ಮನ ಬಾಣಂತನಕ್ಕೆಂದು ಮೈಸೂರಿಗೆ ಹೋದರು. ನಮ್ಮ ಊಟಕ್ಕೆ ತೊಂದರೆಯಾಗಬಾರದೆಂದು ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಇಲ್ಲಿಗೆ ಬಂದರು. ಬಂದ ಎರಡನೇ ವಾರದಲ್ಲೇ, ಒಂದು ಸೋಮವಾರ, ತಾತನ ಶ್ರಾದ್ಧ.

ಪುರೋಹಿತರು ಮಂತ್ರಗಳನ್ನೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿಸಿ ಅಜ್ಜಿಯ ಕೈಯಲ್ಲಿ ಕಳಿಸಿದ್ದರು. ಅಪ್ಪ ಟೇಪ್‌ರೆಕಾರ್ಡರಿನ ಮುಂದೆ ಪಂಚೆ ಉಟ್ಟು ಕೂತು, ಅದು ಹೇಳಿದ್ದನ್ನೆಲ್ಲ ಹೇಳಿದರು. ಪುರೋಹಿತರು ಕೆಮ್ಮಿದ ಕಡೆ ಅಪ್ಪನೂ ಭಕ್ತಿಯಿಂದ ಕೆಮ್ಮಿದರು. ಎಲ್ಲ ಸುಸೂತ್ರ. ಸಿಕ್ಕಿಕೊಂಡದ್ದು ಕಾಗೆಯ ಹತ್ತಿರ.

ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ತಾತ ಬಂದು ಉಂಡರು ಎಂದರ್ಥ. ಮುಟ್ಟುವವರೆಗೆ ನಮಗೆ ಊಟವಿಲ್ಲ. ಹಿತ್ತಲ ಕಟ್ಟೆಯ ಮೇಲೆ ಇಟ್ಟು ಕಾದೆವು. ಒಂದು ಗಂಟೆಯಾಯಿತು, ಎರಡಾಯಿತು. ಕಾಗೆಗಳೆಲ್ಲ ಕಾಲುವೆಯ ಆಚೆ ಮೀಟಿಂಗ್ ಮಾಡುತ್ತಿದ್ದವು, ಇತ್ತ ತಲೆ ಹಾಕಲಿಲ್ಲ. ಅಪ್ಪ ಆಂಬೊಡೆಯ ಪಾತ್ರೆಯನ್ನು ನೋಡುತ್ತಿದ್ದ ರೀತಿ ನೋಡಿದ್ದರೆ ಕಲ್ಲೂ ಕರಗುತ್ತಿತ್ತು.

"ಅವು ಬರ್ದೆ ಇದ್ರೆ ನಾವೇ ಹೋಗೋದು" ಅಂದರು ಅಜ್ಜಿ. ಅಪ್ಪನ ಗಮ್‌ಬೂಟು ಮೆಟ್ಟಿ, ಒಂಬತ್ತು ಗಜದ ಸೀರೆ ಎತ್ತಿ ಕಟ್ಟಿ, ಹಲಗೆ ದಾಟಿ, ಪಿಂಡವನ್ನು ಆಚೆ ದಡದಲ್ಲಿ ಇಟ್ಟು ಬಂದರು. ಎಪ್ಪತ್ತು ವರ್ಷದ ಆ ಜೀವ ಮಾಡಿದ್ದು ಸ್ಪಷ್ಟವಾಗಿ ಪರರ ಜಮೀನಿನ ಅತಿಕ್ರಮಣ.

ಕಾಗೆಗಳು ಹಾರಿಹೋದವು. ಗೆಡ್ಡೆಯ ಎಲೆಗಳ ಸಂದಿಯಿಂದ ಬಂದದ್ದು ಒಂದು ಗಂಡು ಫೆಸೆಂಟ್. ನೋಡದವರಿಗೆ ಹೇಳುತ್ತೇನೆ: ಕಾಡುಕೋಳಿಯನ್ನು ಮದುವೆ ರಿಸೆಪ್ಶನ್ನಿಗೆ ರೆಡಿ ಮಾಡಿದರೆ ಅದು ಫೆಸೆಂಟ್. ತಾಮ್ರದ ಬಣ್ಣದ ಕೋಟು, ಕುತ್ತಿಗೆಗೆ ಬಿಳಿ ಮಫ್ಲರು, ಕೆಂಪು ಮುಖ, ಗಜದುದ್ದದ ಬಾಲ. ಎದೆ ಮುಂದೆ ಮಾಡಿಕೊಂಡು ನಿಧಾನವಾಗಿ ನಡೆದು ಬಂದು, ಪಿಂಡವನ್ನು ಅಗುಳೂ ಬಿಡದೆ ತಿಂದು, ನಮ್ಮನ್ನು ಒಮ್ಮೆ ದಿಟ್ಟಿಸಿ, ಒಳಗೆ ಹೋಯಿತು.

ಅಜ್ಜಿ ಸೆರಗು ಹೊದ್ದು ಕೈಮುಗಿದರು. "ಅದೇ ನಡಿಗೆ ಕಣೋ. ಸ್ಕೂಲ್ ಇನ್ಸ್‌ಪೆಕ್ಷನ್ ದಿನ ಹೀಗೇ ನಡೀತಿದ್ರು."

"ಅಮ್ಮ, ಅದು ಕೋಳಿ."

"ಇದ್ರೇನು? ಹೆಡ್‌ಮಾಸ್ಟರ್ ಆಗಿದ್ದೋರು. ಪರದೇಶಕ್ಕೆ ಬರುವಾಗ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬಂದಿದಾರೆ. ನಡಿ, ಎಲೆ ಹಾಕ್ತೀನಿ."

ಎಲೆ ಎಂದ ಕೂಡಲೇ ಅಪ್ಪನ ವಾದ ಮುಗಿಯಿತು. ತಿನ್ನುತ್ತ ತಿನ್ನುತ್ತ ಅವರಿಗೂ ಆ ಹಕ್ಕಿಯಲ್ಲಿ ತಂದೆಯ ಹೋಲಿಕೆ ಕಾಣತೊಡಗಿತು.

ಗುರುವಾರ ರೈತರು ಬೆಲ್ ಮಾಡಿದರು. ನೆರೆಯವರಿಗೆ ಮೊದಲೇ ತಿಳಿಸುವುದು ಮರ್ಯಾದೆ, ಅದಕ್ಕೇ ಬಂದೆ ಎಂದರು. ಶನಿವಾರ ಬೆಳಿಗ್ಗೆ ಎಂಟೂವರೆಗೆ ಬೇಟೆ. ಆರು ಜನ ಗೆಳೆಯರು, ಮೂರು ನಾಯಿ. ಸದ್ದಿಗೆ ಹೆದರಬೇಡಿ.

"ಏನಂತೆ?" ಅಂದರು ಅಜ್ಜಿ.

"ಶನಿವಾರ ಫೆಸೆಂಟ್ ಹೊಡೀತಾರಂತೆ."

ಅಜ್ಜಿ ಗೋಡೆ ಹಿಡಿದು ಕುರ್ಚಿಯ ಮೇಲೆ ಕೂತರು. ನಾನು ನಗಲು ಬಾಯಿ ತೆರೆದಿದ್ದೆ, ಮುಚ್ಚಿದೆ. "ಒಂದ್ಸಲ ಕಳ್ಕೊಂಡಿದ್ದು ಸಾಲ್ದಾ?" ಅಂದರು ಮೆಲ್ಲಗೆ. ಆಮೇಲೆ ಮಗನ ಕಡೆ ತಿರುಗಿದರು. "ಹೋಗಿ ಹೇಳೋ ಅವರಿಗೆ. ನಿಮ್ಮಪ್ಪ ಕಣೋ."

"ಏನಂತ ಹೇಳ್ಲಮ್ಮ? ನಿಮ್ಮ ಹೊಲದಲ್ಲಿ ನಮ್ಮಪ್ಪ ಓಡಾಡ್ತಿದಾರೆ, ಸ್ವಲ್ಪ ನೋಡ್ಕೊಂಡು ಹೊಡೀರಿ ಅಂತನಾ? ವೀಸಾ ರಿನ್ಯೂ ಆಗ್ಬೇಕು ನಂಗೆ."

ಅಜ್ಜಿ ಅವತ್ತು ರಾತ್ರಿ ಊಟ ಬಿಟ್ಟರು. ಮಾರನೆಯ ದಿನ ಕಾಫಿಯನ್ನೂ ಬಿಟ್ಟರು. ಮೈಸೂರಿನವರು ಕಾಫಿ ಬಿಟ್ಟರೆಂದರೆ ಆಂಬುಲೆನ್ಸಿಗೆ ಫೋನ್ ಮಾಡಬಹುದು. ಸ್ಕೂಲು ಮುಗಿದ ಮೇಲೆ ವಿದೇಶಾಂಗ ಸಚಿವೆ ಸೈಕಲ್ ಹತ್ತಿದಳು.

ರೈತರು ಕೊಟ್ಟಿಗೆಯಲ್ಲಿ ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಶ್ರಾದ್ಧ, ಪಿಂಡ, ಕಾಗೆ, ತಾತ ಎಲ್ಲ ಹೇಳಿದೆ. ಸ್ವಲ್ಪ ಸೇರಿಸಿಯೂ ಹೇಳಿದೆ. ತಾತನಿಗೆ ಆನೆ ಇತ್ತು ಎಂದದ್ದು ಜ್ಞಾಪಕವಿದೆ. ಅವರು ನಗುತ್ತಾರೆ, ನಾನೂ ನಕ್ಕು, ಅದರ ನಡುವೆ ಕೆಲಸ ಸಾಧಿಸಿಕೊಳ್ಳೋಣ ಎಂದು ನನ್ನ ಪ್ಲಾನು. ಅವರು ನಗಲೇ ಇಲ್ಲ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

"ಯಾವುದು?" ಎಂದು ಕೇಳಿದರು.

"ಗಂಡು."

"ಆ ಹೊಲದಲ್ಲಿ ಹನ್ನೊಂದು ಗಂಡಿವೆ."

"ಎದೆ ಮುಂದೆ ಮಾಡಿ ನಡೆಯತ್ತೆ. ಹೆಡ್‌ಮಾಸ್ಟರ್ ತರಹ."

"ಹನ್ನೊಂದೂ ಹೆಡ್‌ಮಾಸ್ಟರ್ ತರಹವೇ ನಡೆಯೋದು."

ಸ್ವಲ್ಪ ಹೊತ್ತು ಬೂಟು ಉಜ್ಜಿದರು. ಆಮೇಲೆ, "ನೆರೆಯವರ ಅಪ್ಪನನ್ನು ಹೊಡೆದ ಅಂತ ಊರಲ್ಲಿ ಮಾತು ಬರೋದು ನನಗೂ ಬೇಡ. ಆದರೆ ಬೇಟೆ ನಿಲ್ಲಿಸಕ್ಕಾಗಲ್ಲ, ಎಲ್ಲರನ್ನೂ ಕರೆದಾಗಿದೆ. ಎಂಟೂವರೆಗೆ ಕಾಲುವೆಯ ನಿಮ್ಮ ಕಡೆ ಏನಿದೆಯೋ ಅದು ನಿಮ್ಮದು. ನನ್ನ ಕಡೆ ಇದ್ದರೆ ನನ್ನ ಗೆಳೆಯರಿಗೆ ಅದು ಬರೀ ಫೆಸೆಂಟು" ಎಂದರು.

ಈ ಮಾತು ತಲುಪಿದ ಕ್ಷಣವೇ ಅಜ್ಜಿ ಕಡಲೆಬೇಳೆ ನೆನೆಹಾಕಿದರು. ತಾತ ಯಾವ ಗೆರೆಯನ್ನಾದರೂ ದಾಟುವುದು ಆಂಬೊಡೆಗೆ ಮಾತ್ರವಂತೆ.

ಶನಿವಾರ ಏಳು ಗಂಟೆಗೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ, ಹೊಲದ ಅಂಚಿನಿಂದ ಹಲಗೆಯ ಮೇಲೆ ಹಾದು ನಮ್ಮ ಬಟ್ಟೆ ಒಣಗಿಸುವ ತಂತಿಯವರೆಗೆ ಅಜ್ಜಿ ಆಂಬೊಡೆಯ ಚೂರುಗಳ ಸಾಲು ಹಾಕಿದರು. ನಾವು ಅಡುಗೆಮನೆಯ ಕಿಟಕಿಯಲ್ಲಿ ನಿಂತೆವು. ಮೊದಲು ಒಂದು ಗಂಡು ಬಂತು. ಹಲಗೆಯ ಮೇಲೆ ನಿಂತು ಯೋಚಿಸಿತು, ದಾಟಿತು. ಅಪ್ಪ ಅರಿವಿಲ್ಲದೆ "ಬಾಪ್ಪ, ಬಾ" ಅಂದರು. ಅದರ ಹಿಂದೆ ಇನ್ನೊಂದು ಬಂತು. ಇನ್ನೆರಡು. ಎಂಟು ಗಂಟೆಗೆಲ್ಲ ಹನ್ನೊಂದು ಹೆಡ್‌ಮಾಸ್ಟರುಗಳೂ ನಮ್ಮ ಹಿತ್ತಲಲ್ಲಿದ್ದರು, ಹೆಂಡತಿಯರ ಸಮೇತ. ನನ್ನ ಲೆಕ್ಕದಲ್ಲಿ ಒಟ್ಟು ನಲವತ್ತು. ಅಪ್ಪ ಹದಿನಾರು ಅನ್ನುತ್ತಾರೆ. ಅಪ್ಪನಿಗೆ ಕಥೆ ಹೇಳಲು ಬರುವುದಿಲ್ಲ.

ಅಜ್ಜಿಗೆ ಮಾತ್ರ ಯಾರು ತಾತ ಎಂದು ತಿಳಿಯಲಿಲ್ಲ. ತಪ್ಪಾಗಬಾರದೆಂದು ಎಲ್ಲರಿಗೂ ಗೌರವ ಕೊಟ್ಟರು. "ರೀ, ತಳ್ಬೇಡಿ. ರೀ, ನಿಮ್ಗೂ ಇದೆ, ನಿಲ್ಲಿ. ಥೂ, ವಯಸ್ಸಿಗೆ ತಕ್ಕ ಹಾಗೆ ಇರ್ರೀ" ಎಂದು ಬಾಣಲೆ ಹಿಡಿದು ನಡುವೆ ಓಡಾಡಿದರು.

ಎಂಟೂವರೆಗೆ ಆಚೆ ಬೇಟೆ ಶುರುವಾಯಿತು. ಏಳು ಬಂದೂಕು, ಮೂರು ನಾಯಿ, ಸಾಲಾಗಿ ಇಡೀ ಹೊಲವನ್ನು ಬಾಚಿದರು. ಎದ್ದದ್ದು ಒಂದು ಮೊಲ. ಅದೂ ಇವರನ್ನು ನೋಡಿ ಪಾಪ ಎನಿಸಿದಂತೆ ನಿಧಾನವಾಗಿ ಹೋಯಿತು. ಕೊನೆಗೆ ಏಳೂ ಜನ ಕಾಲುವೆಯ ದಡಕ್ಕೆ ಬಂದು, ಬಂದೂಕಿನ ನಳಿಗೆ ಮಡಿಸಿ, ನಮ್ಮ ಹಿತ್ತಲನ್ನು ನೋಡುತ್ತ ನಿಂತರು. ಮದುವೆ ಮನೆಯ ಹೊರಗೆ ಎಲೆ ಸಿಗದೆ ನಿಂತವರ ಹಾಗಿದ್ದರು. ನಾಯಿಗಳು ಅಳುತ್ತಿದ್ದವು.

ಹಲಗೆ ದಾಟಿದರೆ ನಾಲ್ಕು ಹೆಜ್ಜೆ. ಆದರೂ ರೈತರು ಬಂದೂಕನ್ನು ಗೆಳೆಯರ ಕೈಗೆ ಕೊಟ್ಟು, ರಸ್ತೆ ಸುತ್ತಿ, ಹತ್ತು ನಿಮಿಷ ನಡೆದು ಬಂದು, ಮುಂಬಾಗಿಲ ಬೆಲ್ ಮಾಡಿದರು. ಒಳಗೆ ಬರಬಹುದೇ ಎಂದು ಕೇಳಿ, ಬೂಟು ಬಿಚ್ಚಿ ಬಂದರು.

"ಹೇಳಿದ ಮಾತು ಹೇಳಿದ್ದೇ, ಇವತ್ತು ಇವೆಲ್ಲ ನಿಮ್ಮವು. ಆದರೆ ಪ್ರತಿ ಶನಿವಾರ ಹೀಗಾದರೆ ನಾನು ಬೇಟೆಗಾರನಾಗಿ ಉಳಿಯಲ್ಲ" ಎಂದರು. "ಅಜ್ಜಿ ಒಬ್ಬರನ್ನು ತೋರಿಸಲಿ. ಅವರನ್ನು ನನ್ನ ಹೊಲದಲ್ಲಿ ಯಾವತ್ತೂ ಯಾರೂ ಮುಟ್ಟಲ್ಲ. ಉಳಿದವಕ್ಕೆ ಊಟ ಹಾಕಬಾರದು."

ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿಯ ಮುಖ ಇಳಿದುಹೋಯಿತು. ತಪ್ಪು ಹಕ್ಕಿಯ ಕಡೆ ಬೆರಳು ತೋರಿಸಿದರೆ ನಿಜವಾದ ತಾತ ಸಾರಾಗುತ್ತಾರೆ. ಹಿತ್ತಲ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರನ್ನೇ ನೋಡಿದರು. ಎಲ್ಲರಿಗೂ ಅದೇ ಕೋಟು, ಅದೇ ಮಫ್ಲರು. ಆಚೆ ದಡದಲ್ಲಿ ಆರು ಜನ ಕತ್ತು ಚಾಚಿ ನಿಂತಿದ್ದರು.

ಆಗ ತಂತಿಯ ಕೆಳಗಿದ್ದ ಒಂದು ಗಂಡು, ಬಾಲ ಅರ್ಧ ಮುರಿದದ್ದು, ಆಂಬೊಡೆಯ ದೊಡ್ಡ ಚೂರೊಂದನ್ನು ಕಚ್ಚಿ, ತಲೆ ಕೊಡವಿ ಉಗುಳಿತು. ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, ಅಜ್ಜಿಯ ಕಡೆ ತಿರುಗಿ, ಒಂದು ಕಣ್ಣಿನಿಂದ ದುರುಗುಟ್ಟಿ ನೋಡಿತು.

ಅಜ್ಜಿ ಕೆಂಪಗಾದರು. "ಉಪ್ಪು ಕಮ್ಮಿ ಅಂತಿದಾರೆ! ನೋಡೇ, ನೋಡು! ನಲವತ್ತಾರು ವರ್ಷ ಇದೇ ರಾಗ. ಎರಡು ದಿನದಿಂದ ಹೊಟ್ಟೆಗಿಲ್ದೆ ನಾನು ಕರೀತಾ ನಿಂತಿದೀನಿ, ಇವರಿಗೆ ಉಪ್ಪಂತೆ! ಹೇಳು ಆ ಮನುಷ್ಯಂಗೆ, ಇವರೇ ಅಂತ. ಬೇಕಾದ್ರೆ ಹೊಡ್ಕೊಳ್ಳಿ ಅನ್ನು!"

ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಣಲೆ ಎತ್ತಿಕೊಂಡು ಒಳಗೆ ಹೋದರು.

"ಏನು ಹೇಳಿದರು?" ಎಂದು ಕೇಳಿದರು ರೈತರು.

ಅಪ್ಪ ನನ್ನನ್ನೇ ನೋಡಿದರು. ನನ್ನ ಜೀವನದಲ್ಲಿ ಯಾವ ಮಾತನ್ನೂ ಕಡಿಮೆ ಮಾಡಿ ಹೇಳಿದವಳಲ್ಲ ನಾನು. ಅವತ್ತು ಅರ್ಧ ನುಂಗಿದೆ.

"ಇವರೇ ಅಂತೆ," ಅಂದೆ.

ರೈತರು ಕಾಲುವೆಯ ಕಡೆ ತಿರುಗಿ, ಕೈಯೆತ್ತಿ, "ಮುರಿದ ಬಾಲದವರು!" ಎಂದು ಕೂಗಿದರು. ಆಚೆಯಿಂದ ಆರು ಜನ ತಲೆಯಾಡಿಸಿದರು, ಒಬ್ಬರು ಟೋಪಿಯನ್ನೂ ತೆಗೆದರು. ಅಡುಗೆಮನೆಯಲ್ಲಿ ಅಜ್ಜಿ ಬೈಯುತ್ತಲೇ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.