ನೆಂಟರಿಲ್ಲದ ತುಂಡು

ನನ್ನ ತಂಗಿ ತನಗೊಂದು ಸಂಬಂಧ ನೋಡಿಕೊಳ್ಳಲಿಲ್ಲ, ಆದರೆ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಪ್ರೋಟೀನುಗಳಿಗೆ ನೆಂಟರನ್ನು ಹುಡುಕುತ್ತಾಳೆ. ಅದೇ ಅವಳ ಸಂಬಳದ ಕೆಲಸ. ಪ್ರೋಟೀನು ಅಂದರೆ ಉದ್ದನೆಯ ಮಣಿಸರವಂತೆ. ಮಡಚಿಕೊಂಡು ಒಂದು ಆಕಾರಕ್ಕೆ ಬಂದ ಮೇಲೇ ಅದು ಮೈಯೊಳಗೆ ಕೆಲಸ ಮಾಡುವುದಂತೆ. ಆ ಆಕಾರವನ್ನು ಯಾರೂ ಕಂಡಿರದಿದ್ದರೆ, ಆಕಾರ ಗೊತ್ತಿರುವ ನೆಂಟ ಪ್ರೋಟೀನೊಂದನ್ನು ಪಕ್ಕದಲ್ಲಿಟ್ಟು, ಮಣಿಗೆ ಮಣಿ ಹೋಲಿಸಿ, ಇದೂ ಹೀಗೇ ಇದ್ದೀತು ಎಂದು ಊಹಿಸುತ್ತಾಳೆ. ಅಳತೆಗೆ ಹಳೆಯ ಅಂಗಿ ಕೊಟ್ಟರೆ ಹೊಸದನ್ನು ಹೊಲಿದುಕೊಡುವ ದರ್ಜಿ ನಾನು. ನನಗೆ ಇದು ಬೇಗ ಅರ್ಥವಾಯಿತು. "ನೂಲಿನಂತೆ ಸೀರೆ ಅನ್ನೋದು ಎಲ್ಲರಿಗೂ ಗೊತ್ತು, ಅದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?" ಎಂದು ರೇಗಿಸುತ್ತಿದ್ದೆ.

ರೇಗಿಸುವುದು ನಿಂತದ್ದು ನನ್ನ ಮಗಳು ಈಜುಕೊಳದಿಂದ ಮೇಲೆ ಬಂದವಳೇ ತಲೆ ಸುತ್ತಿ ಬಿದ್ದಾಗ. ಪರೀಕ್ಷೆ ಮಾಡಿಸಿದರೆ, ಹೃದಯದ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಮಣಿ ಬದಲಾಗಿತ್ತು. "ಇದರಿಂದ ತೊಂದರೆ ಇರಬಹುದು, ಇಲ್ಲದೆಯೂ ಇರಬಹುದು. ಗೊತ್ತಾಗೋವರೆಗೂ ಈಜು ಬೇಡ" ಎಂದರು ಡಾಕ್ಟರು. ನೀರು ಕಂಡರೆ ಮನೆ ಮರೆಯುವ ಹುಡುಗಿ ಮುಖ ಊದಿಸಿಕೊಂಡು ಮೂಲೆ ಸೇರಿದಳು. ನಾನು ತಂಗಿಗೆ ದುಂಬಾಲು ಬಿದ್ದೆ.

ಅವಳು ನನ್ನನ್ನು ಆಫೀಸಿಗೆ ಕರೆದು ಪರದೆಯ ಮೇಲೆ ಆ ಪ್ರೋಟೀನಿನ ಚಿತ್ರ ತೋರಿಸಿದಳು. ನೀಲಿ ರಿಬ್ಬನ್ನಿನ ಸುರುಳಿಗಳ ನಡುವೆ ಒಂದು ತುಂಡು ಮಾತ್ರ ಬೂದು ಬಣ್ಣದ್ದು.

"ಅಕ್ಕ, ಉಳಿದದ್ದೆಲ್ಲ ನೆಂಟರ ಹಾಗೇ ಇದೆ. ಪುಟ್ಟಿಯ ಮಣಿ ಇರೋದು ಈ ಬೂದು ತುಂಡಲ್ಲಿ. ಇದು ಯಾವ ನೆಂಟರಲ್ಲೂ ಇಲ್ಲ."

"ಏನೋ ಆಕಾರ ಕಾಣ್ತಿದೆಯಲ್ಲೇ?"

"ಖಾಲಿ ಬಿಡಬಾರದು ಅಂತ ಕಂಪ್ಯೂಟರ್ ತುಂಬಿರೋದು ಅದು. ನಂಬೋ ಹಾಗಿಲ್ಲ."

"ಏನೂ ಆಗಲ್ಲ ಅಂತ ಒಂದು ಮಾತು ಹೇಳು. ನಿನ್ನ ಗಂಟೇನು ಹೋಗುತ್ತೆ?"

"ನಂಗೆ ಗೊತ್ತಿಲ್ಲ, ಅಕ್ಕ." ಅವಳ ಕಣ್ಣು ತುಂಬಿತ್ತು.

ಜೇಬು ಬೇಕೆಂದವರು ಕೊಟ್ಟ ಅಳತೆಯ ಅಂಗಿಗೆ ಜೇಬಿಲ್ಲದಿದ್ದರೆ ನಾನೂ ಗಿರಾಕಿಯನ್ನು ಕೇಳುತ್ತೇನೆಯೇ ಹೊರತು ಊಹಿಸಿ ಹೊಲಿಯುವುದಿಲ್ಲ. ಅದು ಗೊತ್ತಿದ್ದೂ ಸಿಟ್ಟು ನೆತ್ತಿಗೇರಿತು. ಇಷ್ಟು ಓದಿ ಕಡಿದು ಕಟ್ಟೆ ಹಾಕಿದ್ದು ಇದೇನಾ ಎಂದು ಎದ್ದು ಬಂದೆ.

ಮರುದಿನ ಅವಳೇ ಡಾಕ್ಟರ ಬಳಿ ಹೋಗಿ, ಗೊತ್ತಾಗುವವರೆಗೆ ಮಗು ಏನು ಮಾಡಬಹುದು ಎಂದು ಕೇಳಿದಳಂತೆ. ಆಳವಿಲ್ಲದ ಕಡೆ, ಕೈಗೆ ಸಿಗುವಷ್ಟು ಹತ್ತಿರ ದೊಡ್ಡವರು ನಿಂತಿದ್ದರೆ, ನೀರಿನಲ್ಲಿ ಸುಮ್ಮನೆ ಆಡಿಕೊಂಡಿರಲಿ ಎಂದರಂತೆ. ಇದನ್ನು ನನಗೆ ಹೇಳಿದವಳು ಮಗಳು, ಭಾನುವಾರ ಚಿಕ್ಕಮ್ಮನ ಜೊತೆ ಈಜುಕೊಳಕ್ಕೆ ಹೊರಡುವಾಗ. ಅಂಗಡಿಗೆ ಬೀಗ ಹಾಕಿ ನಾನೂ ಹಿಂದೆಯೇ ಹೋದೆ.

ತಂಗಿಗೆ ಚಿಕ್ಕಂದಿನಿಂದಲೂ ನೀರೆಂದರೆ ಜೀವಭಯ. ಆ ಮಹಾರಾಯಿತಿ ಯಾರದೋ ಈಜುಡುಗೆ ತೊಟ್ಟು, ಸೊಂಟದವರೆಗಿನ ನೀರಿನಲ್ಲಿ ಗಡಗಡ ನಡುಗುತ್ತ, ಒಂದು ಕೈಯಲ್ಲಿ ಕಂಬಿಯನ್ನೂ ಇನ್ನೊಂದರಲ್ಲಿ ನನ್ನ ಮಗಳ ತೋಳನ್ನೂ ಹಿಡಿದು ನಿಂತಿದ್ದಳು.

"ಚಿಕ್ಕಮ್ಮ, ನೀನು ಕೈ ಬಿಟ್ರೂ ನಂಗೇನೂ ಆಗಲ್ಲ," ಎಂದಳು ಮಗಳು.

"ಅದೂ ನಂಗೆ ಗೊತ್ತಿಲ್ಲ ಕಣೇ," ಎಂದಳು ತಂಗಿ. ಕೈ ಬಿಡಲಿಲ್ಲ.