ಪಕ್ಕದ ಭೋಗ್ಯದ ಮನೆ

ತುಮಕೂರಿನ ಗುಬ್ಬಿ ಗೇಟ್ ಹಿಂದುಗಡೆ ಒಂದು ವಠಾರ. ಸಾಲಾಗಿ ನಾಲ್ಕು ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮೂರನೇ ಮನೆಯಲ್ಲಿ ನಜೀರಾ ಬಾಡಿಗೆಗಿದ್ದಳು, ನಾಲ್ಕನೇದರಲ್ಲಿ ಹನುಮಂತಮ್ಮ ಭೋಗ್ಯಕ್ಕಿದ್ದಳು. ಇಬ್ಬರೂ ಒಂಟಿ ಹೆಂಗಸರು. ಮನೆಗಳೂ ಒಂದೇ ಅಳತೆ: ಒಂದು ರೂಮು, ಮೂಲೆಯಲ್ಲಿ ಒಲೆಕಟ್ಟೆ, ಹಿಂದೆ ಬಚ್ಚಲು. ಆದರೆ ನಜೀರಾ ತಿಂಗಳು ತಿಂಗಳೂ ಮೂರು ಸಾವಿರ ಎಣಿಸಿ ಕೊಡಬೇಕು. ಹನುಮಂತಮ್ಮ ಐದು ವರ್ಷದ ಹಿಂದೆ ಒಂದೇ ಸಲಕ್ಕೆ ಒಂದೂವರೆ ಲಕ್ಷ ಓನರ್ ರಂಗರಾಜು ಕೈಗಿಟ್ಟು ಒಳಗೆ ಬಂದು ಕೂತವಳು, ಆಮೇಲೆ ಒಂದು ಬಿಡಿಗಾಸು ಬಾಡಿಗೆ ಕೊಟ್ಟಿಲ್ಲ. ಮೇಲಾಗಿ ಮನೆ ಬಿಡುವ ದಿನ ಆ ಒಂದೂವರೆ ಲಕ್ಷ ಇಡಿಯಾಗಿ ವಾಪಸ್ಸು. ಇದಪ್ಪಾ ಬದುಕು ಅಂದ್ರೆ! ಅದನ್ನ ನೆನೆಸಿಕೊಂಡ್ರೆ ಸಾಕು, ನಜೀರಾಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೊಟ್ಟೆಕಿಚ್ಚು ಅಂತೀರಾ? ಅನ್ನಿ. ಅವಳೇನೂ ಅಲ್ಲ ಅನ್ನುವವಳಲ್ಲ. ಆದರೆ ನಲವತ್ತೆಂಟು ವರ್ಷದ ಹೆಂಗಸು ಅಲ್ಲಿಗೆ ಹೇಗೆ ಬಂದು ಮುಟ್ಟಿದಳು ಅನ್ನೋದನ್ನೂ ಸ್ವಲ್ಪ ಕೇಳಿ. ಗಂಡ ಬಿಟ್ಟ ಮೇಲೆ ಹನ್ನೊಂದು ವರ್ಷ ಕುಣಿಗಲ್‌ನಲ್ಲಿ ಅಣ್ಣ ರಹಮತ್ ಉಲ್ಲಾ ಮನೆಯಲ್ಲಿದ್ದಳು. ಅಣ್ಣನ ಮಕ್ಕಳ ಮೂಗು ಒರೆಸಿದ್ದು ಅವಳು, ಸ್ಕೂಲಿಗೆ ಕಳಿಸಿದ್ದು ಅವಳು, ಮಲಗ್ತಿದ್ದದ್ದು ಮಾತ್ರ ಫ್ರಿಜ್ಜಿಗೂ ಬೀರುವಿಗೂ ನಡುವೆ. ದೊಡ್ಡ ಹುಡುಗ ಫೈಜಲ್‌ಗೆ ಮದುವೆ ಗೊತ್ತಾದಾಗ ಅತ್ತಿಗೆ ಟೇಪ್ ಹಿಡಿದು ಆ ಜಾಗ ಅಳೆದಳು, ಸೊಸೆ ತರೋ ಡ್ರೆಸ್ಸಿಂಗ್ ಟೇಬಲ್‌ಗೆ. ಬಾಯಿಬಿಟ್ಟು ಹೋಗು ಅನ್ನಲಿಲ್ಲ. ನಜೀರಾ ಮಾರನೇ ವಾರ ಹೊಲಿಗೆ ಮಿಷನ್ನನ್ನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ತುಮಕೂರಿಗೆ ಬಂದಳು. "ಎಷ್ಟು ದಿನ ಇರ್ತಾಳೆ, ಕೈ ಖಾಲಿಯಾದ್ರೆ ತಾನಾಗೇ ಬರ್ತಾಳೆ" ಅಂತ ಅತ್ತಿಗೆ ಯಾರ ಹತ್ತಿರವೋ ಅಂದದ್ದು ಇವಳ ಕಿವಿಗೂ ಬಿತ್ತು. ಅವತ್ತೇ ತೀರ್ಮಾನ ಮಾಡಿದಳು: ಉಪವಾಸ ಬಿದ್ದರೂ ಸರಿ, ಆ ಹೊಸಿಲು ತುಳಿಯಲ್ಲ. ಒಂದೂವರೆ ವರ್ಷ ಆಯ್ತು. ಅಣ್ಣ ಎರಡು ಸಲ ಫೋನ್ ಮಾಡಿದ್ದ. ಒಂದು ಸಲ ಆಧಾರ್ ನಂಬರ್ ಕೇಳೋಕೆ.

ದುಡ್ಡಿನ ವಿಷಯದಲ್ಲಿ ನಜೀರಾ ಭಾರಿ ಗಟ್ಟಿ. ಚಿಕ್ಕಪೇಟೆಯ ಎರಡು ಸೀರೆ ಅಂಗಡಿಗೆ ಫಾಲ್ಸ್ ಹೊಲಿದು ಕೊಡೋದು ಅವಳ ಕೆಲಸ, ಸೀರೆಗೆ ನಲವತ್ತು ರೂಪಾಯಿ. ಮದುವೆ ಕಾಲದಲ್ಲಿ ತಿಂಗಳಿಗೆ ಏಳು ಸಾವಿರ ದಾಟುತ್ತೆ, ಆಷಾಢದಲ್ಲಿ ನಾಲ್ಕು ಮುಟ್ಟಿದ್ರೆ ಅದೇ ದೊಡ್ಡದು. ಗೃಹಲಕ್ಷ್ಮಿ ಎರಡು ಸಾವಿರ ಬಂದಾಗ ಬಂತು, ಬರದಾಗ ಇಲ್ಲ. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟ್ ಬಿಲ್ಲೂ ಸೊನ್ನೆ. ಆದ್ರೆ ಬಾಡಿಗೆಯನ್ನ ಯಾವ ಸರ್ಕಾರ ಕಟ್ಟುತ್ತೆ ಹೇಳಿ? ಬ್ಲೌಸ್ ಚಿಂದಿಯಲ್ಲಿ ನಾಲ್ಕು ಚೀಲ ಹೊಲಿದು ಗೋಡೆಗೆ ನೇತುಹಾಕಿದ್ದಳು. ಕೆಂಪು ಬಾಡಿಗೆಗೆ, ಹಸಿರು ಗ್ಯಾಸು ತರಕಾರಿಗೆ, ಹಳದಿ ಚೀಟಿಗೆ, ನೀಲಿ ಮಾತ್ರೆಗೆ. ಕೆಂಪು ತುಂಬದಿದ್ರೆ ನೀಲಿಗೆ ಕೈ ಹಾಕೋದು. ಬಿ.ಪಿ. ಮಾತ್ರೆ ದಿನ ಬಿಟ್ಟು ದಿನ ನುಂಗೋದು. ತಲೆ ಸುತ್ತಿದ್ರೆ ಮಿಷನ್ ಮೇಲೆ ಹಣೆ ಇಟ್ಟು ಐದು ನಿಮಿಷ ಕೂತು, ಮತ್ತೆ ತುಳಿಯೋದು.

ಅತ್ತ ಪಕ್ಕದ ಮನೆಯಿಂದ ಫಿಲ್ಟರ್ ಕಾಫಿ ವಾಸನೆ ಬರೋದು. ಹನುಮಂತಮ್ಮ ಚೌಲ್ಟ್ರಿಯಲ್ಲಿ ಅಡುಗೆಗೆ ಕೈಯಾಳಾಗಿ ಹೋಗುವವಳು. ಅರವತ್ತೆರಡಾಗಿತ್ತು, ವಿಧವಾ ಪಿಂಚಣಿ ಬೇರೆ ಬರುತ್ತಿತ್ತು. ಮದುವೆ ಇಲ್ಲದ ದಿನ ಮಧ್ಯಾಹ್ನ ಕಾಲು ಚಾಚಿ ಮಲಗೋಳು. ಮಲಗದೆ ಏನು, ಬಾಡಿಗೆನಾ ಗೀಡಿಗೆನಾ! ಹದಿನೈದು ದಿನಕ್ಕೊಂದು ಸಲ ಬಸ್ಸು ಹತ್ತಿ ಗುಬ್ಬಿಗೆ, ಮಗಳು ಪ್ರಮೀಳಾ ಮನೆಗೆ. ಅಳಿಯನಿಗೆ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ ಹತ್ತಿರ ಕೆಲಸ. ವಾಪಸ್ ಬರುವಾಗ ಚೀಲದ ತುಂಬ ತೆಂಗಿನಕಾಯಿ. "ತಗೋ ನಜೀರಾ, ಮಗಳು ಕೊಟ್ಟಳು" ಅಂತ ಒಂದು ಕಾಯಿ ಇವಳಿಗೂ ಕೊಡೋಳು. ನಜೀರಾ ನಗುತ್ತಾ ತಗೊಂಡು, ಒಳಗೆ ಬಂದು ಒಡೆದು, ಚಟ್ನಿ ಅರೆದು, ತಿಂದು, "ಕಾಯಲ್ಲಿ ರುಚಿನೇ ಇಲ್ಲ" ಅಂತ ಗೋಡೆಗೆ ಹೇಳೋಳು.

ಎಲ್ಲಕ್ಕಿಂತ ಉರಿ ಹತ್ತುತ್ತಿದ್ದದ್ದು ಐದನೇ ತಾರೀಕು. ಅವತ್ತು ರಂಗರಾಜು ಸ್ಕೂಟರಿನಲ್ಲಿ ಬರೋನು. ನಜೀರಾ ಮನೆ ಬಾಗಿಲಲ್ಲಿ ಚಪ್ಪಲಿ ಕೂಡ ಬಿಡದೆ ನಿಂತು, ನೋಟು ಎಣಿಸಿ, ಜೇಬಿಗೆ ತುರುಕಿ, ಪಕ್ಕದ ಮನೆಗೆ ನಡೆಯೋನು. ಅಲ್ಲಿ ಮಾತ್ರ ಚಪ್ಪಲಿ ಹೊರಗೆ. ಕುರ್ಚಿ, ಫ್ಯಾನು, ಸ್ಟೀಲ್ ಲೋಟದಲ್ಲಿ ಕಾಫಿ. ಅರ್ಧ ಗಂಟೆ ಇಬ್ಬರದೂ ಗುಸುಗುಸು. ನಜೀರಾ ಮಿಷನ್ ನಿಲ್ಲಿಸಿ ಗೋಡೆಗೆ ಕಿವಿ ಕೊಟ್ಟರೂ ಮಾತು ತಿಳಿಯುತ್ತಿರಲಿಲ್ಲ. ಕೊನೆಗೆ ಹೊಸಿಲಲ್ಲಿ ನಿಂತು "ಆಯ್ತಮ್ಮ, ನೋಡೋಣ" ಅನ್ನೋದಷ್ಟೇ ಕೇಳೋದು. ನೋಡಿ ಹೆಂಗೆ! ಲಕ್ಷ ಕೊಟ್ಟೋರಿಗೆ ಅಮ್ಮ, ಸಾವಿರ ಕೊಟ್ಟೋರಿಗೆ ಬೆನ್ನು.

"ಏನಕ್ಕಾ, ಅಷ್ಟೊತ್ತು ಏನು ಮಾತಾಡ್ತಾರೆ ಓನರ್ರು?" ಅಂತ ಒಂದು ಸಲ ತಡೆಯಲಾರದೆ ಕೇಳಿದಳು.

"ಏನಿಲ್ಲ ಬುಡು, ಹಿಂಗೇ ಕಷ್ಟಸುಖ" ಅಂದು ಹನುಮಂತಮ್ಮ ಕೊಡ ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಜಂಬ ನೋಡು ಜಂಬ, ಅಂದುಕೊಂಡಳು ನಜೀರಾ.

ಈ ಆಷಾಢದಲ್ಲಿ ಕೈಗೆ ಸಿಕ್ಕಿದ್ದು ಬರೀ ಮೂರು ಸಾವಿರದ ಎಂಟುನೂರು. ಅದೇ ಐದನೇ ತಾರೀಕು ರಂಗರಾಜು ನೋಟು ಎಣಿಸುತ್ತಲೇ, "ಮುಂದಿನ ತಿಂಗಳಿಂದ ಮೂರೂವರೆ ಕೊಡ್ಬೇಕು ನೀನು. ಎಲ್ಲಾ ಕಡೆನೂ ಜಾಸ್ತಿ ಆಗಿದೆ" ಅಂದ. ನಜೀರಾ ನಿಂತಲ್ಲೇ ಲೆಕ್ಕ ಹಾಕಿದಳು. ಮೂರೂವರೆ ಅಂದ್ರೆ ಮೂರು ವರ್ಷಕ್ಕೆ ಒಂದು ಲಕ್ಷದ ಇಪ್ಪತ್ತಾರು ಸಾವಿರ, ನೀರಲ್ಲಿ ಹೋಮ. ಇಲ್ಲ ಅಂದ್ರೆ ಕುಣಿಗಲ್. ಈಗ ಅಲ್ಲಿ ಫ್ರಿಜ್ಜಿನ ಪಕ್ಕದ ಜಾಗವೂ ಇಲ್ಲ.

ಅವನು ಪಕ್ಕದ ಮನೆ ಕಾಫಿ ಕುಡಿದು ಬರೋ ತನಕ ಓಣಿ ತಿರುವಿನಲ್ಲಿ ನಿಂತು ಕಾದಳು. "ಸಾರ್, ಹನುಮಂತಮ್ಮನ ಮನೆ ನನಗೆ ಭೋಗ್ಯಕ್ಕೆ ಕೊಡ್ತೀರಾ?"

ತನ್ನ ಮನೆಯನ್ನೇ ಭೋಗ್ಯಕ್ಕೆ ಕೇಳಬಹುದಿತ್ತಲ್ಲ ಅಂತ ನೀವು ಕೇಳ್ತೀರಿ. ಕೇಳಬಹುದಿತ್ತು. ಆದ್ರೆ ಒಂದೂವರೆ ವರ್ಷದಿಂದ ಅವಳ ಕಣ್ಣಿದ್ದದ್ದು ಆ ಮನೆ ಮೇಲೆ. ಆ ಕುರ್ಚಿ ಮೇಲೆ, ಆ ಮಧ್ಯಾಹ್ನದ ನಿದ್ದೆ ಮೇಲೆ. ಅದೇ ಬೇಕು. ಹನುಮಂತಮ್ಮ ಎಲ್ಲಿಗೆ ಹೋಗ್ತಾಳೆ? ಎಲ್ಲಿಗಾದ್ರೂ ಹೋಗಲಿ, ನಾನೆಲ್ಲಿಗೆ ಹೋಗ್ತೀನಿ ಅಂತ ಯಾರಾದ್ರೂ ಕೇಳಿದ್ರಾ?

ರಂಗರಾಜು ಚಾಲೂ ಮಾಡಿದ್ದ ಸ್ಕೂಟರ್ ಆಫ್ ಮಾಡಿದ. "ಎರಡು ಲಕ್ಷ. ಯಾವಾಗ ಕೊಡ್ತೀರಾ? ಈ ತಿಂಗಳೇ ಆಗುತ್ತಾ?" ಅಂದ. ಮೊದಲನೇ ಸಲ 'ಕೊಡ್ತೀರಾ' ಅಂದಿದ್ದ. ನಜೀರಾ ಹೊಟ್ಟೆಗೆ ಹಾಲು ಹೊಯ್ದಂಗಾಯ್ತು. ಅವನಿಗೆ ಅಷ್ಟೊಂದು ಅವಸರ ಯಾಕೆ ಅಂತ ಯೋಚಿಸೋ ವ್ಯವಧಾನ ಅವಳಿಗೆಲ್ಲಿ?

ಅಮ್ಮನ ಎರಡು ಬಳೆ, ಕುಣಿಗಲ್‌ನಲ್ಲಿ ಅತ್ತಿಗೆ ಕಣ್ಣಿಗೂ ಬೀಳದಂಗೆ ಇಟ್ಟುಕೊಂಡಿದ್ದವು, ಒಂದು ಲಕ್ಷದ ಮೂವತ್ತು ಸಾವಿರಕ್ಕೆ ಹೋದವು. ಚೀಟಿ ನಷ್ಟಕ್ಕೆ ಕೂಗಿ ಎತ್ತಿದಳು, ಐವತ್ತು ಸಾವಿರ ಬಂತು. ಮೊದಲೇ ಕೊಟ್ಟಿದ್ದ ಇಪ್ಪತ್ತು ಸಾವಿರ ಅಡ್ವಾನ್ಸ್ ಲೆಕ್ಕಕ್ಕೆ ಸೇರಿಸಿಕೊಳ್ಳಿ ಅಂದಳು. ಎರಡು ಲಕ್ಷ ಸರಿಯಾಯ್ತು. ಅಷ್ಟೂ ದಿನ ನಲ್ಲಿ ಹತ್ತಿರ ಹನುಮಂತಮ್ಮನ ಮುಖ ನೋಡದೆ ನೀರು ಹಿಡಿದಳು.

ಭಾನುವಾರ ಹನ್ನೊಂದಕ್ಕೆ ಅಗ್ರಿಮೆಂಟ್. ಹತ್ತೂವರೆಗೇ ಹನುಮಂತಮ್ಮ ಬಾಗಿಲಿಗೆ ಬಂದು "ಬಾರೇ ಒಳಗೆ" ಅಂದಳು. ನಜೀರಾ ಬುರ್ಖಾದೊಳಗೆ ದುಡ್ಡಿನ ಗಂಟು ಅವುಚಿಕೊಂಡು, ಬೈಗುಳಕ್ಕೆ ಉತ್ತರ ಜೋಡಿಸಿಕೊಂಡು ಹೋದಳು. ಒಳಗೆ ಪಾತ್ರೆ ಪಗಡ ಎಲ್ಲಾ ಮೂಟೆ ಕಟ್ಟಿ ಆಗಿತ್ತು. ಹನುಮಂತಮ್ಮ ಬೈಯಲಿಲ್ಲ. ಇವಳ ಎರಡೂ ಕೈ ಹಿಡಿದುಕೊಂಡು ಅಳೋಕೆ ಶುರುಮಾಡಿದಳು.

"ದೇವರು ಬಂದಂಗೆ ಬಂದೆ ಕಣವ್ವ. ನನ್ನ ಮೂರು ವರ್ಷದ ಅಗ್ರಿಮೆಂಟು ಮುಗಿದು ಎರಡು ವರ್ಷ ಆಯ್ತು. ನನ್ನ ದುಡ್ಡು ಕೊಡಪ್ಪಾ ಅಂತ ತಿಂಗಳು ತಿಂಗಳೂ ಕೂರಿಸಿ, ಕಾಫಿ ಕೊಟ್ಟು, ಕೈ ಮುಗಿದು ಕೇಳ್ತಾ ಇದೀನಿ. ಬೇರೆ ಭೋಗ್ಯದೋರು ಬರಲಿ, ಅವರ ದುಡ್ಡಲ್ಲಿ ನಿಮ್ದು ತೀರಿಸ್ತೀನಿ, ನೋಡೋಣ ಅಂತಾನೆ. ಬೀಗ ಹಾಕ್ಕೊಂಡು ಹೋಗೋಣ ಅಂದ್ರೆ ಹಿಂದೇನೇ ಬೇರೆಯವ್ರನ್ನ ತುಂಬುಸ್ತಾನೆ. ಇಲ್ಲಿ ಕೂತಿದ್ರೆ ತಾನೇ ದುಡ್ಡಿನ ಮೇಲೆ ಹಿಡಿತ?"

"ನನಗ್ಯಾಕೆ ಹೇಳ್ಲಿಲ್ಲ?" ಅಂದಳು ನಜೀರಾ.

"ಏನಂತ ಹೇಳ್ಲಿ? ತವರೂರು ಸಿ.ಎಸ್. ಪುರದಲ್ಲಿ ಅಣ್ತಮ್ಮಂದಿರ ಜೊತೆ ಕಿತ್ತಾಡಿ ತಂದ ಪಾಲು ಕಣೇ ಅದು. ಹಿಂಗೆ ಸಿಕ್ಕಾಕ್ಕೊಂಡಿದೆ ಅಂದ್ರೆ ನಗಲ್ವಾ ಜನ? ನಿಜ ಹೇಳ್ಲಾ, ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯೋದು. ನಿಂದು ಬಾಡಿಗೆ. ಬೇಡ ಅಂದ್ರೆ ನಾಳೆ ಎದ್ದು ಹೋಗ್ತೀಯ."

ತನ್ನನ್ನ ನೋಡಿ ಹೊಟ್ಟೆ ಉರಿದುಕೊಳ್ಳೋರೂ ಇದ್ದಾರೆ! ನಜೀರಾಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನುಮಂತಮ್ಮ ಕಣ್ಣು ಒರೆಸಿಕೊಂಡು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಹೇಳ್ಬಾರ್ದು, ಹೇಳಿದ್ರೆ ನನ್ನ ಹೊಟ್ಟೆ ಮೇಲೇ ಬೀಳುತ್ತೆ. ಆದ್ರೂ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ನಿನಗೂ ಇದೇ ಗತಿ ಮಾಡ್ತಾನೆ ಕಣೇ. ದುಡ್ಡು ಕೈ ಬಿಡೋ ಮುಂಚೆ ಇನ್ನೊಂದು ಸಲ ಯೋಚ್ನೆ ಮಾಡು."

ನಜೀರಾ ಗಂಟನ್ನ ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಎದ್ದು ಹೋಗಿಬಿಡಬಹುದು. ಬಳೆ ಹೋಯ್ತು, ದುಡ್ಡಾದ್ರೂ ಉಳಿಯುತ್ತೆ. ಮೂರೂವರೆ ಸಾವಿರದಂತೆ ಕೊಟ್ಟುಕೊಂಡು ಹೋದ್ರೆ ನಾಲ್ಕು ವರ್ಷ ಬರುತ್ತೆ, ಆಮೇಲೆ? ಅಷ್ಟರಲ್ಲಿ ಹನುಮಂತಮ್ಮನ ಫೋನು ಬಡಿದುಕೊಂಡಿತು. ಸ್ಪೀಕರ್‌ನಲ್ಲಿ ಮಗಳ ದನಿ ಮನೆಯೆಲ್ಲಾ ತುಂಬಿತು.

"ಅಮ್ಮಾ, ದುಡ್ಡು ಕೈಗೆ ಬಂತಾ? ಬರದಿದ್ರೂ ಪರ್ವಾಗಿಲ್ಲ ಬಾ ಅಂತ ಎಷ್ಟು ಸಲ ಹೇಳಿದೀನಿ! ಎರಡು ವರ್ಷ ಆಯ್ತು ಕರೀತಾ. ಪಾಪು ಬೆಳಗ್ಗಿಂದ ಅಜ್ಜಿ ಬಂತಾ ಅಜ್ಜಿ ಬಂತಾ ಅಂತ ಬಾಗ್ಲಲ್ಲೇ ಕೂತವ್ನೆ. ಊಟಕ್ಕೆ ಕಾಯ್ತಾ ಇರ್ತೀವಿ!"

"ಬರ್ತೀನಿ ಕಣೇ, ಬಡ್ಕೋಬೇಡ" ಅಂದಳು ಹನುಮಂತಮ್ಮ, ಮುಖವೆಲ್ಲಾ ಅರಳಿಸಿಕೊಂಡು.

ಅಲ್ಲಿ ನೋಡಿ ನಜೀರಾಗೆ ಹತ್ತಿದ ಉರಿ! ಇಷ್ಟು ದಿನದ್ದು ಅದರ ಮುಂದೆ ಉರಿಯೇ ಅಲ್ಲ. ಮನೆ, ಕುರ್ಚಿ, ಕಾಫಿ, ಯಾವುದೂ ಬೇಡ. ದುಡ್ಡು ಬರದಿದ್ರೂ ಪರ್ವಾಗಿಲ್ಲ ಬಾ ಅಂತ ಒಬ್ಬರು, ಒಂದೇ ಒಂದು ಸಲ, ಅವಳಿಗೆ ಅಂದಿದ್ದಿದ್ರೆ!

ರಂಗರಾಜು ಸ್ಟಾಂಪ್ ಪೇಪರ್ ಹಿಡಿದು ಬಂದ. ಕುರ್ಚಿ ಮೇಲೆ ಕೂತು ದುಡ್ಡಿಗೆ ಕೈ ನೀಡಿದ. ನಜೀರಾ ಅವನ ಕೈಗೆ ಕೊಡಲಿಲ್ಲ. ಗಂಟು ಬಿಚ್ಚಿ ಒಂದೂವರೆ ಲಕ್ಷ ಎಣಿಸಿ, ಮೊದಲು ಹನುಮಂತಮ್ಮನ ಮಡಿಲಿಗೆ ಹಾಕಿದಳು. ಉಳಿದ ಮೂವತ್ತು ಸಾವಿರ ಅವನ ಮುಂದೆ ಇಟ್ಟಳು. ಅವನು ಮುಖ ಹುಳ್ಳಗೆ ಮಾಡಿಕೊಂಡು, "ಮೂರು ವರ್ಷ ಅಂತ ಹಾಕ್ಸಿದೀನಿ, ಸೈನ್ ಮಾಡಿ" ಅಂದ.

"ಮೂರು ಹೊಡೆದುಹಾಕಿ ಹತ್ತು ಅಂತ ಬರೀರಿ ಸಾರ್."

ಅವನ ಮುಖ ಮತಾಪಿನ ಹಾಗೆ ಬೆಳಗಿತು. ಅವಳು ಮನಸ್ಸು ಬದಲಾಯಿಸುವ ಮುಂಚೆ ಪೆನ್ನು ತೆಗೆದ. ಹನುಮಂತಮ್ಮ ಇವಳ ತೋಳು ಹಿಡಿದು ಜಗ್ಗಿದಳು. "ಏಯ್, ಹುಚ್ಚು ಹಿಡೀತಾ ನಿನಗೆ? ಇಷ್ಟೆಲ್ಲಾ ಹೇಳಿದೆನಲ್ಲೇ! ಎದ್ದು ಹೋಗ್ಬೇಕು ಅಂದಾಗ ದುಡ್ಡು ಬರಲ್ಲ ಕಣೇ!"

"ನಿಮಗೆ ಹೋಗೋಕೆ ಒಂದು ಮನೆ ಇತ್ತು ಅಕ್ಕಾ, ಅದಕ್ಕೆ ದುಡ್ಡು ವಾಪಸ್ ಬೇಕಾಯ್ತು" ಅಂದಳು ನಜೀರಾ. "ನನ್ನನ್ನ ಯಾರು ಕರೀತಾರೆ ಅಂತ ಇವರ ಹತ್ರ ವಾಪಸ್ ಕೇಳ್ಲಿ, ನೀವೇ ಹೇಳಿ?"

ಹನುಮಂತಮ್ಮ ಅವಳ ತೋಳು ಬಿಟ್ಟಳು. ನಜೀರಾ ಪೆನ್ನು ತಗೊಂಡು ಸೈನ್ ಮಾಡಿದಳು.