ತಳಕಲ್ಲಿನ ಮದುವೆಯಲ್ಲಿ ನಿಲ್ಲದ ಸ್ವರ

ಆ ದಿನಗಳಲ್ಲಿ ಸಂಜೆಯಾದರೆ ಗಂಗಾವತಿಯ ನಮ್ಮ ಓಣಿಗೆ ಅಕ್ಕಿ ಮಿಲ್ಲಿನಿಂದ ಕುದಿಸಿದ ಭತ್ತದ ವಾಸನೆ ಬರುತ್ತಿತ್ತು. ಇಷ್ಟು ಖಚಿತ. ಮುಂದಿನದರಲ್ಲಿ ನಾನು ಕಂಡದ್ದೆಷ್ಟು, ಮನೆಯವರಿಂದ ಕೇಳಿ ನನ್ನದಾಗಿಸಿಕೊಂಡದ್ದೆಷ್ಟು, ಹೇಳಲಾರೆ. ತಳಕಲ್ಲು ಎಂಬ ಊರಿನ ಮದುವೆಯ ಮಾತೆತ್ತಿದರೆ ಅಕ್ಕ ನಗುತ್ತಾಳೆ: "ನೀ ಎಲ್ಲಿ ನೋಡಿದ್ಯೋ? ಪಂಕ್ತ್ಯಾಗ ಕುಂತು ಹುಗ್ಗಿ ಹೊಡಿಯಾಕತ್ತಿದ್ದಿ."

ನನ್ನ ಅಬ್ಬಾ ಮದುವೆಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಜೊತೆಗೆ ಸನಾದಿ ಊದುವವರು ಯಮನೂರಪ್ಪ ಕಾಕಾ. ನಮ್ಮ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದರು. ಆಮೇಲೆ ಸನಾದಿಯ ತುದಿಯನ್ನು ತುಟಿಯಲ್ಲಿ ನೆನೆಸಿ, ನನ್ನ ಕಿವಿಯ ಹತ್ತಿರ ಕೋಳಿಯಂತೆ ಕೂಗಿಸಿ ಹೆದರಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಅಬ್ಬಾ ಹುಬ್ಬಳ್ಳಿಯಿಂದ ಹಳೆಯ ಸೌಂಡ್ ಮಾಡ್ಯೂಲ್ ಒಂದನ್ನು ತಂದರು. ಕಪ್ಪು ಪೆಟ್ಟಿಗೆ. ಕೀಬೋರ್ಡಿನಿಂದ ಅದಕ್ಕೆ ಮಿಡಿ ವೈರ್ ಹಚ್ಚಿದರೆ ಕೀಬೋರ್ಡಿನಲ್ಲಿಲ್ಲದ ವಾದ್ಯಗಳೆಲ್ಲ ಅದರಲ್ಲಿ ನುಡಿಯುತ್ತವೆ ಎಂದರು. ಮೊದಲ ದಿನ ಏನೂ ನುಡಿಯಲಿಲ್ಲ. ಧ್ವನಿ ಹೊರಗೆ ಬರಬೇಕಲ್ಲ ಎಂದು ವೈರನ್ನು ಎರಡೂ ಕಡೆ 'ಔಟ್' ತೂತಿಗೇ ಚುಚ್ಚಿದ್ದರು. ಮರುದಿನ ಪೆಟ್ಟಿಗೆಯ ಕಡೆ 'ಇನ್' ತೂತಿಗೆ ಬದಲಿಸಿದಾಗ ಸನಾದಿ ಮೊಳಗಿತು. ಕಾಕಾ ಬಸಿ ಕೆಳಗಿಟ್ಟರು.

"ಛಲೋ ಐತ್ರಿ ಮಾಸ್ತರ್. ಇದಕ್ಕ ಚಹಾನೂ ಬ್ಯಾಡ, ಉಸುರೂ ಬ್ಯಾಡ."

"ಏ ಯಮನೂರ, ನಿನ್ನ ಬಿಡ್ತೀನೇನೋ? ಇದು ಸುಮ್ನ ಜೋಡಿಗೆ."

ತಳಕಲ್ಲಿಗೆ ಕಾಕಾರನ್ನೂ ಕರೆದುಕೊಂಡು ಹೋದರು. ಆದರೆ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ನುಡಿದದ್ದು ಪೆಟ್ಟಿಗೆ. ಕಾಕಾ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು. ಅಕ್ಕಿಕಾಳು ಬಿದ್ದ ಮೇಲೆ ಮದುವೆ ಮಾಡಿಸುತ್ತಿದ್ದ ಅಯ್ಯನವರು ವಾದ್ಯ ನಿಲ್ಲಿಸಲು ಕೈ ಎತ್ತಿದರು. ನಿಲ್ಲಲಿಲ್ಲ. ಒಂದೇ ಸ್ವರ, ಏರದೆ ಇಳಿಯದೆ, ಕೊರೆಯುತ್ತಲೇ ಇತ್ತು. ಅಬ್ಬಾ ಕೀಗಳಿಂದ ಎರಡೂ ಕೈ ಮೇಲೆತ್ತಿ ಜನರಿಗೆ ತೋರಿಸಿದರು.

"ಏನ್ರಿ ಮಾಸ್ತರ್, ನಿಮ್ಮ ಡಬ್ಬಿಗೆ ದೆವ್ವ ಬಡದೈತೇನ್ರಿ?" ಎಂದು ಯಾರೋ ಕೂಗಿದರು. ಚಪ್ಪರವೆಲ್ಲ ನಕ್ಕಿತು. ಅಬ್ಬಾ ಪೆಟ್ಟಿಗೆಯ ಸ್ವಿಚ್ ಆರಿಸಿ ತಿರುಗಿದರೆ ಮೇಜಿನ ಹಿಂದೆ ಕಾಕಾ, ಕೈಯಲ್ಲಿ ಮಿಡಿ ವೈರು.

"ಕಿತ್ತವ ನೀನ ಹೌದಲ್ಲೋ?"

"ಇಲ್ರಿ ಮಾಸ್ತರ್. ಬಿದ್ದಿತ್ರಿ. ಎತ್ತಿ ಹಚ್ಚಾಕ ಬಂದೆ."

"ಬಿದ್ದಿದ್ರ ಆವಾಜ್ ಹೆಂಗ ಬರ್ತಿತ್ತು? ವೈರ್ ಹಚ್ಚೇ ಇತ್ತು. ನೀ ಕೈ ಹಾಕಿ ಅಲುಗಾಡಿಸಿದ್ದಕ್ಕ ಹಿಂಗಾತು. ಮಂದ್ಯಾಗ ನನ್ನ ಮಾನ ಕಳದಿ."

ಕಾಕಾ ವೈರನ್ನು ಮೇಜಿನ ಮೇಲಿಟ್ಟರು. ಸನಾದಿಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಊಟ ಮಾಡದೆ ಬಸ್ಸಿನ ದಾರಿ ಹಿಡಿದರು. ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ. ಬೇರೆ ಯಾವ ಮದುವೆಯಲ್ಲೂ ಅವರನ್ನು ಕಂಡವರಿಲ್ಲ. ಅವರ ಹೆಸರು ಬಂದರೆ ಅಬ್ಬಾ ಕೊನೆಯವರೆಗೂ ಅದೇ ಪ್ರಶ್ನೆ ಕೇಳುತ್ತಿದ್ದರು: "ಬಿದ್ದಿದ್ರ ಆವಾಜ್ ಹೆಂಗ ಬರ್ತಿತ್ತು?"

ಈಗ ಇಬ್ಬರೂ ಇಲ್ಲ. ಸ್ವರ ಸಿಕ್ಕಿಕೊಂಡಾಗ ಕಾಕಾ ಇನ್ನೂ ಕಂಬದ ಹತ್ತಿರವೇ ಇದ್ದರೆಂದು ನನ್ನ ನೆನಪು. ಅದು ನೆನಪೋ, ಹಾಗಿದ್ದಿರಲಿ ಎಂಬ ಆಸೆಯೋ ತಿಳಿಯದು. ಅದಕ್ಕಿಂತ ಕೆಟ್ಟದ್ದೆಂದರೆ, ಅವರ ಸನಾದಿಯನ್ನು ನೆನೆಸಿಕೊಳ್ಳಲು ಕೂತರೆ ಕಿವಿಯಲ್ಲಿ ಬರುವುದು ಆ ಪೆಟ್ಟಿಗೆಯ ಧ್ವನಿ. ಕೋಳಿ ಕೂಗಿಸಿದ್ದು ಮಾತ್ರ ನೆನಪಿದೆ, ಕೂಗು ನೆನಪಿಲ್ಲ.

ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಧಾರವಾಡದಲ್ಲಿ ಓದಿ ಬಂದವನು ನಾನು. ಮಿಡಿ ವೈರಿನಲ್ಲಿ ಧ್ವನಿ ಹರಿಯುವುದೇ ಇಲ್ಲ, ಈ ಕೀ ಒತ್ತಿದರು, ಈ ಕೀ ಬಿಟ್ಟರು ಎಂಬ ಸುದ್ದಿಯಷ್ಟೇ ಹೋಗುತ್ತದೆ ಎಂದು ಎಲ್ಲೋ ಓದಿದೆ. ಆದರೂ ಓದಿದ್ದು ಸಾಲಲಿಲ್ಲ. ಕಳೆದ ವರ್ಷ ಕೊಪ್ಪಳದ ಗೆಳೆಯನ ಮನೆಯಲ್ಲಿ ಅಂಥದೇ ಪೆಟ್ಟಿಗೆ ಸಿಕ್ಕಿತು. ಅಬ್ಬಾರ ಕೀಬೋರ್ಡನ್ನು ಒಯ್ದು ಅದಕ್ಕೆ ಜೋಡಿಸಿದೆ. ಸನಾದಿಯ ಧ್ವನಿ ಆರಿಸಿಕೊಂಡು, ಒಂದು ಕೀ ಒತ್ತಿ ಹಿಡಿದು, ವೈರ್ ಕಿತ್ತೆ. ಆಮೇಲೆ ಬೆರಳು ತೆಗೆದೆ.

ವೈರು ನೆಲದ ಮೇಲೆ ಬಿದ್ದಿತ್ತು, ಕೀ ಬಿಟ್ಟ ಸುದ್ದಿ ಪೆಟ್ಟಿಗೆಗೆ ಮುಟ್ಟಿರಲಿಲ್ಲ. ಸ್ವಿಚ್ ಆರಿಸುವವರೆಗೂ ಸ್ವರ ನಿಲ್ಲಲಿಲ್ಲ.